ಕುಶಲಕ್ಕ ತಿಂದ ಬನ್ಸ್

ನನ್ನ ಕೆಲಸ ಜನರ ಬಾಯಿಗೆ ಬೀಗ ಹಾಕುವುದು. ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪಥ್ಯ ಬರೆದುಕೊಡುತ್ತಿದ್ದೇನೆ. ಬಾಗಿಲ ಮೇಲೆ ‘ಎಲೇನ್, ಡಯೆಟೀಷಿಯನ್’ ಎಂಬ ಬೋರ್ಡಿದ್ದರೂ ಜನ ಡಾಕ್ಟ್ರೆ ಎಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನೆದುರಿನ ಕುರ್ಚಿಯಲ್ಲಿ ಕುಳಿತು ಸುಳ್ಳು ಹೇಳದವರು ಬೆರಳೆಣಿಕೆಯಷ್ಟು. ಅಂಜಲ್ ಫ್ರೈ ತಿಂದವರು ಬೇಯಿಸಿದ ಮೀನು ಎನ್ನುತ್ತಾರೆ. ಮದುವೆಯಲ್ಲಿ ಎರಡೆರಡು ಸಲ ಐಸ್‌ಕ್ರೀಮ್ ಹಾಕಿಸಿಕೊಂಡವರು ಬರೀ ಸಾರು ಕುಡಿದು ಬಂದೆ ಎನ್ನುತ್ತಾರೆ. ತೂಕದ ಮೆಷಿನ್ ಮಾತ್ರ ಅವರ ಪರ ಸಾಕ್ಷಿ ಹೇಳುವುದಿಲ್ಲ. ಹಾಗಾಗಿ ಯಾರನ್ನೂ ನಂಬದಿರುವುದು ನನಗೆ ಅಭ್ಯಾಸವಾಗಿಹೋಗಿದೆ. ಕುಶಲಕ್ಕನನ್ನೂ ನಾನು ನಂಬಲಿಲ್ಲ.

ಕುಶಲಾ ಶೆಟ್ಟಿ ಮೊದಲ ಸಲ ನನ್ನ ಕೋಣೆಗೆ ಬಂದದ್ದು ಒಂದು ಡಿಸೆಂಬರಿನಲ್ಲಿ. ನಲವತ್ತಾರು ವರ್ಷ, ಎಂಬತ್ತನಾಲ್ಕು ಕಿಲೋ. ಕುರ್ಚಿಯಲ್ಲಿ ಕುಳಿತವರೇ, “ಹೋಟೆಲಿನ ಉಪ್ಪು ನೋಡಿ ನೋಡಿ ಆದ ಮೈ ಡಾಕ್ಟ್ರೆ, ನನ್ನ ತಪ್ಪಲ್ಲ” ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಮೇಜಿನ ಮೇಲೆ ಅವರ ಸ್ಕ್ಯಾನಿನ ರಿಪೋರ್ಟ್ ಇತ್ತು. ಲಿವರಿನಲ್ಲಿ ಕೊಬ್ಬು ತುಂಬಿತ್ತು. ಆ ಲಿವರಿನ ಒಂದು ಭಾಗ ಅವರ ಅಣ್ಣನಿಗೆ ಬೇಕಾಗಿತ್ತು.

ಅಣ್ಣ ಗುಣಪಾಲ ಶೆಟ್ಟರು. ಬಂದರಿನಲ್ಲಿ ಅವರದ್ದೊಂದು ಮೀನಿನ ಊಟದ ಹೋಟೆಲ್. ಹಳೆಯ ಕಾಲದಲ್ಲಿ ಉಳ್ಳಾಲದ ಆಚೆ ಗದ್ದೆಗಳಿದ್ದ ಮನೆತನ; ಇವರು ಹುಟ್ಟುವ ಹೊತ್ತಿಗೆ ಗದ್ದೆ ಹೋಗಿ ಹೆಸರು ಮಾತ್ರ ಉಳಿದಿತ್ತು. ಹದಿನಾರಕ್ಕೆ ಮುಂಬೈಗೆ ಹೋಗಿ ಹೋಟೆಲುಗಳಲ್ಲಿ ಮೇಜು ಒರೆಸಿ, ಮೂವತ್ತಕ್ಕೆ ಊರಿಗೆ ಬಂದು ತನ್ನದೇ ಹೋಟೆಲ್ ತೆರೆದವರು. ಕುಶಲಕ್ಕನ ಗಂಡ ಮದುವೆಯಾದ ಎಂಟನೇ ವರ್ಷಕ್ಕೆ ತೀರಿಕೊಂಡಾಗ, “ಮನೆ ಉಂಟಲ್ಲ, ಬಾ” ಎಂದು ಕರೆದುಕೊಂಡು ಬಂದರು. ಆಮೇಲೆ ಹದಿನೈದು ವರ್ಷ ಕುಶಲಕ್ಕ ಆ ಹೋಟೆಲಿನ ನಾಲಗೆಯಾಗಿದ್ದರು. ಬಂಗುಡೆ ಮೀನಿನ ಪುಳಿಮುಂಚಿ ಸಾರಿನಿಂದ ಹಿಡಿದು ಬಾಳೆಹಣ್ಣು ಕಲಸಿ ಕರಿಯುವ ಬೆಳಗಿನ ಬನ್ಸಿನ ಹಿಟ್ಟಿನವರೆಗೆ ಅವರು ರುಚಿ ನೋಡಿ ತಲೆಯಾಡಿಸದೆ ಒಂದು ಪಾತ್ರೆಯೂ ಒಲೆಯಿಂದ ಇಳಿಯುತ್ತಿರಲಿಲ್ಲ.

ಗುಣಪಾಲರು ಕುಡಿಯುವವರಲ್ಲ. ಎಂದೋ ಹಿಡಿದ ಕಾಮಾಲೆ ಒಳಗೇ ಕೂತು ಲಿವರನ್ನು ತಿಂದುಹಾಕಿತ್ತು. ಹೆಂಡತಿ ಜಲಜಾಕ್ಷಿಯವರ ರಕ್ತದ ಗುಂಪು ಹೊಂದಲಿಲ್ಲ. ಮಗ ತುಷಾರನಿಗೆ ಹದಿನೆಂಟು ತುಂಬಿರಲಿಲ್ಲ. ಉಳಿದದ್ದು ತಂಗಿ. ಎಲ್ಲವೂ ಹೊಂದಿತು, ಕೊಬ್ಬೊಂದು ಅಡ್ಡ ಬಂತು. ಹತ್ತು ವಾರದಲ್ಲಿ ಹತ್ತು ಕಿಲೋ ಇಳಿಸಿ ಬನ್ನಿ, ಲಿವರಿನ ಕೊಬ್ಬು ಕರಗಿದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ ಎಂದು ಸರ್ಜನರು ಹೇಳಿ ನನ್ನ ಬಳಿ ಕಳಿಸಿದ್ದರು.

ನಾನು ದಿನಕ್ಕೆ ಸಾವಿರ ಕ್ಯಾಲೊರಿಯ ಚೀಟಿ ಕೊಟ್ಟೆ. ಬೆಳಿಗ್ಗೆ ಒಂದು ಮೊಟ್ಟೆ, ಒಂದು ಲೋಟ ಮಜ್ಜಿಗೆ. ಮಧ್ಯಾಹ್ನ ಅರ್ಧ ಕಪ್ ಅನ್ನ, ಬೇಯಿಸಿದ ತರಕಾರಿ, ಎಣ್ಣೆ ಕಾಣದ ಒಂದು ತುಂಡು ಮೀನು. ಸಂಜೆಗೆ ಸೌತೆ. ರಾತ್ರಿಗೆ ಸಾರು, ಒಂದು ಸಣ್ಣ ಚಪಾತಿ. ಚೀಟಿಯ ಕೊನೆಯ ಸಾಲು ಎಲ್ಲರಿಗೂ ಒಂದೇ, ಅಚ್ಚಾಗಿಯೇ ಬರುತ್ತದೆ: ‘ನೀರು – ಬೇಕಾದಷ್ಟು.’

“ಇಷ್ಟೇಯಾ? ನಮ್ಮಲ್ಲಿ ಬೆಕ್ಕಿಗೆ ಇದಕ್ಕಿಂತ ಜಾಸ್ತಿ ಹಾಕ್ತೇವೆ” ಎಂದರು ಕುಶಲಕ್ಕ. ಮತ್ತೆ ಗಂಭೀರವಾಗಿ, “ಹಸಿವಾದ್ರೆ ಎಂತ ಮಾಡುದು ಡಾಕ್ಟ್ರೆ?” ಎಂದು ಕೇಳಿದರು.

“ತಾಳಿಕೊಳ್ಳುದು” ಎಂದೆ. ಆಗ ನನಗೆ ಗೊತ್ತಿದ್ದ ಉತ್ತರ ಅದೊಂದೇ.

ಅವರು ತಾಳಿಕೊಂಡರು. ಪ್ರತಿ ಸೋಮವಾರ ಬಂದು ಮೆಷಿನಿನ ಮೇಲೆ ಹತ್ತುವ ಮೊದಲು ಬಳೆ ತೆಗೆದಿಡುತ್ತಿದ್ದರು. ಹಸಿವಿನ ಕಥೆಯನ್ನು ಬೇರೆ ಯಾರದ್ದೋ ಚೇಷ್ಟೆಯ ಹಾಗೆ ಹೇಳುತ್ತಿದ್ದರು. ಹನ್ನೊಂದಕ್ಕೆ ಶುರುವಾಗುತ್ತದೆ, ಹೋಟೆಲಿನಲ್ಲಿ ಮಸಾಲೆ ಕಾಯುವ ಹೊತ್ತಿಗೆ ಸರಿಯಾಗಿ. ಬಾಯಿಯಲ್ಲಿ ಲವಂಗ ಇಟ್ಟುಕೊಂಡರೆ ಅರ್ಧ ಗಂಟೆ ಸುಮ್ಮನಿರುತ್ತದೆ. ಗಿರಾಕಿಗಳ ತಟ್ಟೆ ನೋಡಬಾರದು, ಮುಖ ನೋಡಬೇಕು. ಆದರೆ ಕೆಲವರು ತಿನ್ನುವ ಮುಖವನ್ನು ನೋಡುವುದು ತಟ್ಟೆ ನೋಡುವುದಕ್ಕಿಂತ ಕಷ್ಟ. ಉಪ್ಪು ನೋಡುವ ಕೆಲಸವನ್ನು ಅಡುಗೆಯ ದೇಯಿಗೆ ಬಿಟ್ಟುಕೊಟ್ಟರು. ದೇಯಿಯ ಕೈ ಉಪ್ಪಿನಲ್ಲಿ ಸ್ವಲ್ಪ ಧಾರಾಳ. ಹಳೆಯ ಗಿರಾಕಿಗಳು ಗೊಣಗಿದರು. ಗುಣಪಾಲರು ಮನೆಯಲ್ಲಿ ಮಲಗಿದ್ದಲ್ಲಿಂದಲೇ, “ಇನ್ನು ಎರಡು ತಿಂಗಳು ಎಲ್ಲರೂ ಉಪ್ಪು ತಿನ್ನಿ ಅಂತ ಹೇಳು” ಎಂದರಂತೆ.

ಮಧ್ಯಾಹ್ನ ಮೂರರ ಮೇಲೆ, ಹೋಟೆಲ್ ಖಾಲಿಯಾದಾಗ, ಹಸಿವು ತಡೆಯಲಾಗದಷ್ಟು ಆಗುತ್ತಿತ್ತು. ಉಳಿದ ಮೀನೆಲ್ಲ ಕಣ್ಣೆದುರೇ ಇರುತ್ತಿತ್ತು. ಆಗ ಕುಶಲಕ್ಕ ಚಪ್ಪಲಿ ಮೆಟ್ಟಿ ನದಿಯಾಚೆಯ ಬೆಂಗ್ರೆಗೆ ಹೋಗುವ ಬೋಟು ಹತ್ತುತ್ತಿದ್ದರು. ಆಚೆ ದಡದಲ್ಲಿ ಇಳಿಯುತ್ತಿರಲಿಲ್ಲ, ಅದೇ ಬೋಟಿನಲ್ಲಿ ವಾಪಸು. ಮತ್ತೊಮ್ಮೆ ಹೋಗಿ ಬರುವುದು. ಬೋಟಿನವನು ಮೊದಮೊದಲು ವಿಚಿತ್ರವಾಗಿ ನೋಡಿದ, ಆಮೇಲೆ ಕೇಳುವುದನ್ನು ಬಿಟ್ಟ. “ಊರಲ್ಲಿ ತಿನ್ಲಿಕ್ಕೆ ಎಂತದೂ ಸಿಗದ ಜಾಗ ಅಂದ್ರೆ ಆ ಬೋಟು ಒಂದೇ ಡಾಕ್ಟ್ರೆ” ಎಂದು ಕುಶಲಕ್ಕ ನನಗೆ ವಿವರಿಸಿದರು.

ಮೂರು ವಾರಕ್ಕೆ ನಾಲ್ಕು ಕಿಲೋ ಇಳಿಯಿತು. ನಾನು ಯಾರನ್ನೂ ಹೊಗಳುವವಳಲ್ಲ, ಅಂದು ಹೊಗಳಿದೆ.

ಆಮೇಲೆ ಮೆಷಿನ್ ನಿಂತುಬಿಟ್ಟಿತು. ನಾಲ್ಕನೇ ವಾರ ಎಂಬತ್ತು. ಐದನೇ ವಾರ ಎಂಬತ್ತು. ಆರನೇ ವಾರ ಮುನ್ನೂರು ಗ್ರಾಂ ಏರಿತು. ಸ್ಕ್ಯಾನ್ ಮಾಡಿಸಿದರೆ ಕೊಬ್ಬು ಹೆಚ್ಚುಕಡಿಮೆ ಹಾಗೇ ಇತ್ತು. ಸರ್ಜನರು ಆಪರೇಷನ್ನಿನ ತಾರೀಖನ್ನು ಮುಂದಕ್ಕೆ ಹಾಕಿದರು.

ನನಗೆ ಸಿಟ್ಟು ನೆತ್ತಿಗೇರಿತು. ಅಂದು ಕುಶಲಕ್ಕನ ಜೊತೆ ಗುಣಪಾಲರೂ ಚೆಕಪ್ಪಿಗೆ ಬಂದಿದ್ದರು, ಹೊರಗೆ ಬೆಂಚಿನಲ್ಲಿ ಕುಳಿತಿದ್ದರು. ನಾನು ಬಾಗಿಲು ಹಾಕಿಕೊಂಡು ಕುಶಲಕ್ಕನಿಗೆ ಬಾಯಿಗೆ ಬಂದಂತೆ ಬೈದೆ.

“ಯಾರಿಗೆ ಮೋಸ ಮಾಡ್ತಾ ಇದ್ದೀರಿ? ನನಗಾ? ಹೊರಗೆ ಕೂತ ಮನುಷ್ಯನನ್ನು ನೋಡಿದ್ದೀರಾ, ಹೊಟ್ಟೆ ಹೇಗೆ ನೀರು ತುಂಬಿ ಉಬ್ಬಿದೆ ಅಂತ? ಕದ್ದು ಎಂತ ತಿಂತಾ ಇದ್ದೀರಿ ಹೇಳಿ.”

“ಎಂತದೂ ಇಲ್ಲ ಡಾಕ್ಟ್ರೆ. ನೀವು ಬರೆದದ್ದು ಬಿಟ್ಟು ಒಂದು ಅಗುಳೂ ಇಲ್ಲ.”

“ಸುಳ್ಳು.”

ಅವರು ಅಳಲಿಲ್ಲ. ಬೆರಳು ಮಡಚಿ ಮಡಚಿ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದನ್ನೆಲ್ಲ ಹೇಳಿದರು, ಮತ್ತೆ ಮೊದಲಿಂದ ಹೇಳಿದರು. ನಾನು ಕಿವಿಗೊಡದೆ ನನ್ನ ಬುತ್ತಿ ತೆರೆದೆ. ಊಟದ ಹೊತ್ತು ಮೀರಿತ್ತು, ನನಗೆ ಹೊಟ್ಟೆ ಹಸಿದರೆ ಸಿಟ್ಟು ಇಮ್ಮಡಿಯಾಗುತ್ತದೆ. ಬುತ್ತಿಯಲ್ಲಿದ್ದದ್ದು ಗಂಜಿ. ನಮ್ಮ ಕೊಂಕಣಿ ಮನೆಗಳಲ್ಲಿ ಪೇಜ್ ಎನ್ನುತ್ತೇವೆ. ಕುಚ್ಚಲಕ್ಕಿಯದ್ದು, ಮೇಲೆ ಬಿಳಿ ತೆಳಿ, ಅಂದರೆ ಗಂಜಿನೀರು, ನಿಂತಿತ್ತು. ಆ ತೆಳಿಯನ್ನು ಬಗ್ಗಿಸಿ ಚೆಲ್ಲಲು ವಾಶ್‌ಬೇಸಿನ್ನಿನ ಹತ್ತಿರ ಹೋದೆ.

“ಅಯ್ಯೋ, ಅದನ್ನು ಯಾಕೆ ಚೆಲ್ತೀರಿ?” ಎಂದರು ಕುಶಲಕ್ಕ. “ನನಗೆ ಹೊಟ್ಟೆಯಲ್ಲಿ ಜೀವ ನಿಂತದ್ದೇ ಅದರಿಂದ.”

ನನ್ನ ಕೈ ಅಲ್ಲೇ ನಿಂತಿತು. “ಎಷ್ಟು ಕುಡಿತೀರಿ?”

“ತೆಳಿಯಾ? ಅದನ್ನೂ ಲೆಕ್ಕ ಹೇಳಬೇಕಾ? ಅದು ನೀರಲ್ವಾ?” ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ದಿನಕ್ಕೆ ಆರು ಲೋಟ, ಏಳು ಲೋಟ. ದೊಡ್ಡ ಲೋಟ. ಅಣ್ಣನಿಗೆ ಈಗ ಮೂರು ವಾರದಿಂದ ಮೂರು ಹೊತ್ತೂ ಗಂಜಿ ಅಲ್ವಾ, ಅವರು ಅನ್ನ ತಿಂತಾರೆ, ತೆಳಿ ನನಗೆ ಬಗ್ಗಿಸಿ ಕೊಡ್ತಾರೆ. ನೀವೇ ಬರೆದಿದ್ದೀರಲ್ಲ, ನೀರು ಬೇಕಾದಷ್ಟು ಅಂತ.”

ಈ ಊರಿನಲ್ಲಿ ತೆಳಿಯನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಜ್ವರ ಬಂದವರಿಗೆ ತೆಳಿ, ಬಾಣಂತಿಗೆ ತೆಳಿ, ಬಿಸಿಲಿನಿಂದ ಬಂದವರಿಗೆ ಉಪ್ಪು ಹಾಕಿದ ತೆಳಿ, ಉಳಿದರೆ ದನಕ್ಕೆ. ನನ್ನ ಅಮ್ಮನೂ ಹಾಗೇ ಎಣಿಸಿದವಳು. ಆದರೆ ನಾನು ಓದಿದವಳು. ಆ ಬಿಳಿ ನೀರಿನಲ್ಲಿ ಅಕ್ಕಿಯ ಸತ್ವ ಎಷ್ಟು ಇಳಿದಿರುತ್ತದೆ ಎಂದು ಗೊತ್ತಿದ್ದವಳು. ಐವತ್ತು ವರ್ಷ ಅದನ್ನೇ ಕುಡಿದು ಬೆಳೆದ ನನಗೆ, ಎದುರು ಕುಳಿತ ಹಸಿದ ಹೆಂಗಸು ನೀರೆಂದು ಏನನ್ನು ಕುಡಿಯುತ್ತಿರಬಹುದು ಎಂದು ಕೇಳಲು ಹೊಳೆಯಲಿಲ್ಲ. ನನಗೆ ಹೊಳೆದದ್ದು ಅವರು ಕಳ್ಳಿ ಎಂದು ಮಾತ್ರ.

ನಾನು ಲೆಕ್ಕ ಮಾಡಿ ಹೇಳಿದೆ. ಹೆಚ್ಚುಕಡಿಮೆ ಇನ್ನೊಂದು ಊಟಕ್ಕಿಂತ ಜಾಸ್ತಿಯೇ ಆಗಿತ್ತು. ಕುಶಲಕ್ಕ ಬಾಗಿ ನನ್ನ ಬುತ್ತಿಯನ್ನು ನೋಡಿದರು.

“ಮೂರು ವಾರ ಹೋಯ್ತಲ್ಲ” ಎಂದರು. ಮತ್ತೆ ತಟ್ಟನೆ ನನ್ನ ಕೈ ಹಿಡಿದುಕೊಂಡರು. “ಅಣ್ಣನಿಗೆ ಹೇಳ್ಬೇಡಿ. ನಾವು ಸಣ್ಣದಿರುವಾಗ ಮಳೆಗಾಲದಲ್ಲಿ ಗಂಜಿ ಕಮ್ಮಿ ಆದ್ರೆ ಅವರು ಅನ್ನ ಎಲ್ಲ ನನ್ನ ಬಟ್ಟಲಿಗೆ ಹಾಕಿ ತೆಳಿ ಕುಡಿದು ಶಾಲೆಗೆ ಹೋಗ್ತಿದ್ರು. ತೆಳಿ ನನಗೆ ಇಷ್ಟ ಅಂತಿದ್ರು. ಈಗ ಕೈ ನಡುಗಿದ್ರೂ ಅವರೇ ಬಗ್ಗಿಸುದು, ಬೇರೆಯವರಿಗೆ ಬಿಡುದಿಲ್ಲ. ಈಗ ಉಲ್ಟಾ ಆಯ್ತು, ತೆಳಿ ನಿನಗೆ ಅಂತ ನಗಾಡ್ತಾರೆ. ಅದರಿಂದಲೇ ಹೀಗಾಯ್ತು ಅಂತ ಗೊತ್ತಾದ್ರೆ ಅವರು ಆಪರೇಷನ್ ಬೇಡ ಅಂತಾರೆ ಡಾಕ್ಟ್ರೆ. ಅಲ್ಲೇ ಸೋತುಬಿಡ್ತಾರೆ.”

ನಾವಿಬ್ಬರೂ ಹೊರಗೆ ಬಂದೆವು. ಗುಣಪಾಲರು ಬೆಂಚಿನಿಂದ ಏಳಲು ನೋಡಿ ಆಗದೆ ಕುಳಿತೇ ಕೇಳಿದರು. ತುಳುವಿನಲ್ಲೇ ಕೇಳಿದ್ದು, ನನಗೂ ಆ ಭಾಷೆ ಬರುತ್ತದೆ.

“ಎಂತ ಅಂತೆ? ಯಾಕೆ ಇಳಿಯುದಿಲ್ಲ?”

ಕುಶಲಕ್ಕ ತಲೆ ತಗ್ಗಿಸಿದರು. “ಬನ್ಸ್ ತಿಂದೆ ಅಣ್ಣ.”

“ಎಂತ?”

“ನಮ್ಮ ಹೋಟೆಲಿಂದು. ಬೆಳಿಗ್ಗೆ ದಿನಾ ಎರಡೆರಡು. ತಡೆಯಲಿಕ್ಕೆ ಆಗ್ಲಿಲ್ಲ.”

ಗುಣಪಾಲರು ತಂಗಿಯ ಮುಖ ನೋಡಿದರು. ಹಳದಿಯಾಗಿದ್ದ ಕಣ್ಣುಗಳಲ್ಲಿ ನಗು ಬಂತು.

“ಬಿಸಿ ಇತ್ತಾ?” ಎಂದು ಕೇಳಿದರು.

“ಇತ್ತು.”

“ಹಾಗಾದ್ರೆ ಅಡ್ಡಿ ಇಲ್ಲ. ತಣ್ಣಗಿನ ಬನ್ಸಿಗೋಸ್ಕರ ನನ್ನ ತಾರೀಖು ಹೋಗಿದ್ರೆ ಬೇಜಾರಾಗ್ತಿತ್ತು.” ನಂತರ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಬೈಬೇಡಿ ಡಾಕ್ಟ್ರೆ. ಹಸಿದವರಿಗೆ ಬಡಿಸುದೇ ನನ್ನ ಕಸುಬು. ನನ್ನ ತಂಗಿಯನ್ನೇ ನಾನು ಉಪವಾಸ ಹಾಕಿದ್ದೇನೆ” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಬಂದು ಬುತ್ತಿ ಮುಚ್ಚಿಟ್ಟೆ.

ಆಮೇಲೆಯೂ ಗುಣಪಾಲರು ತೆಳಿ ಬಗ್ಗಿಸುವುದನ್ನು ಬಿಡಲಿಲ್ಲ. ಕುಶಲಕ್ಕ ಲೋಟ ತೆಗೆದುಕೊಂಡು, ಅಡುಗೆಮನೆಯಲ್ಲಿ ಕುಡಿಯುತ್ತೇನೆ ಎಂದು ಹಿತ್ತಿಲಿಗೆ ಹೋಗಿ ಬಸಳೆ ಚಪ್ಪರದ ಬುಡಕ್ಕೆ ಹೊಯ್ಯುತ್ತಿದ್ದರು. ಈಗ ಹಸಿವಿಗೆ ಆ ಆಸರೆಯೂ ಇರಲಿಲ್ಲ. ಒಮ್ಮೆ ಬೋಟಿನಲ್ಲೇ ತಲೆ ಸುತ್ತಿ ಬಿದ್ದರು, ಬೆಂಗ್ರೆಯ ಹೆಂಗಸರು ಮುಖಕ್ಕೆ ನೀರು ಹಾಕಿ ಎಬ್ಬಿಸಿದರು. ಎದ್ದೊಡನೆ ಚಹಾ ಕೊಟ್ಟರೆ, ಸಕ್ಕರೆ ಉಂಟಾ ಎಂದು ಕೇಳಿ ವಾಪಸು ಕೊಟ್ಟರಂತೆ. ಕೆನ್ನೆ ಇಳಿಯಿತು, ಬಳೆಗಳು ತೆಗೆಯುವ ಮೊದಲೇ ಜಾರುತ್ತಿದ್ದವು. ನಾನು ಸಾವಿರದ ಇನ್ನೂರಕ್ಕೆ ಏರಿಸುತ್ತೇನೆ ಎಂದರೆ ಒಪ್ಪಲಿಲ್ಲ.

ಒಂದು ಸೋಮವಾರ ಮಾತ್ರ ಅವರು ಅತ್ತರು. ಹಸಿವಿಗಲ್ಲ. “ಅಣ್ಣ ಇವತ್ತು ಬಸಳೆ ನೋಡಿ, ಎಷ್ಟು ಚಂದ ಬಂದಿದೆ, ಎಂತ ಹಾಕ್ತೀ ಅದಕ್ಕೆ ಅಂತ ಕೇಳಿದ್ರು” ಎಂದರು.

ಇತ್ತ ಗುಣಪಾಲರಿಗೆ ಬನ್ಸಿನ ಕಥೆ ಹೇಳುವುದೇ ಒಂದು ಸಂತೋಷವಾಗಿತ್ತು. ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು, “ನನ್ನ ತಂಗಿ ದೊಡ್ಡ ಕಳ್ಳಿ ಮಾರಾಯ್ರೆ, ನನ್ನದೇ ಹೋಟೆಲಿನ ಬನ್ಸ್ ಕದ್ದು ತಿಂದು ಸಿಕ್ಕಿಬಿದ್ದಳು.” ಹೇಳಿ ನಗುತ್ತಿದ್ದರು. ಬಂದವರೂ ಎದುರಿಗೆ ನಗುತ್ತಿದ್ದರು. ಜಲಜಾಕ್ಷಿ ಮಾತ್ರ ನಗಲಿಲ್ಲ. ಗಂಡನ ಕಾಲು ಬಾತು ದಪ್ಪವಾಗುವುದನ್ನು ದಿನವೂ ಒತ್ತಿ ನೋಡುತ್ತಿದ್ದವರು ಅವರು.

ಹನ್ನೆರಡನೇ ವಾರ ಮೆಷಿನ್ ಎಪ್ಪತ್ತಮೂರು ಮುಕ್ಕಾಲು ತೋರಿಸಿತು. ಸ್ಕ್ಯಾನ್ ಚೆನ್ನಾಗಿ ಬಂತು. ಸರ್ಜನರು ಹೊಸ ತಾರೀಖು ಕೊಟ್ಟರು. ಕುಶಲಕ್ಕ ನನ್ನ ಕೋಣೆಗೆ ಬಂದು ರಿಪೋರ್ಟನ್ನು ಶಾಲೆಯ ಮಾರ್ಕ್ಸ್ ಕಾರ್ಡಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಆ ತಾರೀಖಿಗೆ ಒಂಬತ್ತು ದಿನ ಇರುವಾಗ ಗುಣಪಾಲರಿಗೆ ಜ್ವರ ಬಂತು. ಹೊಟ್ಟೆಯ ನೀರಿಗೆ ಸೋಂಕು ತಗಲಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಮೊದಲಿನ ತಾರೀಖಿಗೇ ಆಗಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಸರ್ಜನರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಆದರೆ ಆ ಮಾತಿನಿಂದ ನನಗೂ ಸಮಾಧಾನವಾಗಲಿಲ್ಲ, ಕುಶಲಕ್ಕನಿಗೂ ಆಗಲಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ನಾನು ಬೋಳಾರದ ಅವರ ಮನೆಗೆ ಹೋದೆ. ಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಇಷ್ಟದ ಅಡುಗೆಯನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುವ ಪದ್ಧತಿ ಅವರಲ್ಲಿದೆ. ಗುಣಪಾಲರ ಎಲೆಗೆ ಹೋಟೆಲಿನ ತಿಂಡಿಯೂ ಇರಲಿ ಎಂದು ದೇಯಿ ಹಿತ್ತಿಲಿನಲ್ಲಿ ಬನ್ಸ್ ಕರಿಯುತ್ತಿದ್ದಳು. ಜಗಲಿಯಲ್ಲಿ ಕಾಯುತ್ತಿದ್ದಾಗ ನನ್ನ ಹಿಂದೆ ಕುಳಿತ ಇಬ್ಬರು ಹೆಂಗಸರ ಮಾತು ಕೇಳಿಸಿತು.

“ಅಣ್ಣನಿಗೆ ಜೀವ ಕೊಡ್ತೇನೆ ಅಂತ ಹೇಳುದು, ಮತ್ತೆ ಬನ್ಸ್ ತಿಂತಾ ಕೂತ್ಕೊಳ್ಳುದು. ಅವರೇ ಹೇಳಿದ್ರಲ್ಲ ಬಾಯಾರೆ.”

“ಹೊಟ್ಟೆಬಾಕತನ. ಮತ್ತೆಂತ?”

ನಾನು ಎದ್ದು ಸೀದಾ ಅಡುಗೆಮನೆಗೆ ಹೋದೆ, ಜಲಜಾಕ್ಷಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕೆಂದು. ನನ್ನ ಮುಖ ನೋಡಿಯೇ ಕುಶಲಕ್ಕನಿಗೆ ಗೊತ್ತಾಯಿತು. ಹಿತ್ತಿಲಿನ ಬಾಗಿಲಿನಾಚೆ, ಬಸಳೆ ಚಪ್ಪರದ ಹತ್ತಿರ ನನ್ನನ್ನು ಎಳೆದುಕೊಂಡು ಹೋದರು.

“ಬೇಡ ಎಲೇನ್ ಬಾಯಿ.” ಡಾಕ್ಟ್ರೆ ಎನ್ನುವುದನ್ನು ಬಿಟ್ಟು, ನಮ್ಮ ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಮೊದಲ ಸಲ ಬಾಯಿ ಎಂದರು.

“ಯಾಕೆ ಬೇಡ? ಅವರಿಲ್ಲ ಈಗ. ಇನ್ನು ಯಾರನ್ನು ಕಾಯುದು?”

“ಅತ್ತಿಗೆಯನ್ನು” ಎಂದರು. “ಗಂಜಿ ಬೇಯಿಸ್ತಾ ಇದ್ದದ್ದು ಅತ್ತಿಗೆ. ನನ್ನ ಮುಖ ಬಾಡಿದ್ದು ನೋಡಿ ತೆಳಿ ಗಟ್ಟಿ ಆಗ್ಲಿ ಅಂತ ದಿನಾ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿ, ಅನ್ನ ಕಡೆದು ಬಿಡ್ತಿದ್ರು. ನನಗೆ ಹೇಳ್ಲಿಲ್ಲ, ದೇಯಿ ಹೇಳಿದ್ದು. ಈಗ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಬದುಕ್ತಾರೆ. ತೆಳಿಯ ವಿಷಯ ಗೊತ್ತಾದ್ರೆ ಯಾರ ಮೇಲೆ ಸಿಟ್ಟು ಮಾಡುದು? ತನ್ನ ಕೈ ಮೇಲಾ?”

ಒಳಗೆ ಎಲೆ ಹಾಕುತ್ತಿದ್ದರು, ಹೋಗಿ ಕುಳಿತೆವು. ಕುಶಲಕ್ಕ ನನ್ನ ಎದುರಿನ ಸಾಲಿನಲ್ಲಿದ್ದರು. ಬಡಿಸುತ್ತ ಬಂದ ಜಲಜಾಕ್ಷಿ ಅವರ ಎಲೆಯ ಮುಂದೆ ನಿಂತರು. ಕೈಯಲ್ಲಿ ಬನ್ಸಿನ ತಟ್ಟೆ ಇತ್ತು. ಉಳಿದವರಿಗೆ ಒಂದೊಂದು ಹಾಕಿದ್ದವರು ಅಲ್ಲಿ ಎರಡು ಹಾಕಿದರು.

“ತಿನ್ನು. ನಿನಗೆ ಇಷ್ಟ ಅಲ್ವಾ” ಎಂದರು. ಗಟ್ಟಿಯಾಗಿಯೇನೂ ಹೇಳಲಿಲ್ಲ, ಆದರೆ ಇಡೀ ಸಾಲಿಗೆ ಕೇಳಿಸಿತು. ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ಮುದುಕಿಯರೂ ತಿರುಗಿ ನೋಡಿದರು.

ಕುಶಲಕ್ಕ ತಲೆಯೆತ್ತಲಿಲ್ಲ. ಹದಿನಾಲ್ಕು ವಾರಗಳಿಂದ ಬನ್ಸ್ ಇರಲಿ, ಅದರ ಹಿಟ್ಟು ಅಂಟಿದ ಬೆರಳನ್ನೂ ನಾಲಗೆಗೆ ಮುಟ್ಟಿಸದವರು ಅವರು. ಒಂದನ್ನು ಎತ್ತಿ ಮುರಿದರು. ಹಬೆ ಬಂತು. ನಿಧಾನವಾಗಿ, ಒಂದು ಚೂರೂ ಬಿಡದೆ ತಿಂದರು. ಎರಡನೆಯದನ್ನೂ ತಿಂದರು. ಇಷ್ಟಪಟ್ಟು ತಿನ್ನುವವರ ಹಾಗೆ, ಎಲ್ಲರಿಗೂ ಕಾಣುವ ಹಾಗೆ ತಿಂದರು. ಜಲಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ನನ್ನ ಎಲೆ ಮಡಚಿದೆ.

ಈಗ ನನ್ನ ಚೀಟಿಯ ಕೊನೆಯ ಸಾಲನ್ನು ಬದಲಿಸಿದ್ದೇನೆ. ನೀರು ಎಂದರೆ ಬರೀ ನೀರು, ಗಂಜಿ ತೆಳಿ ಅಲ್ಲ ಎಂದು ಅಚ್ಚು ಹಾಕಿಸಿದ್ದೇನೆ. ಹೊಸ ಹುಡುಗಿಯರು ಓದಿ ನಗುತ್ತಾರೆ, ಇದನ್ನೂ ಹೇಳಬೇಕಾ ಮೇಡಂ ಎಂದು. ಹೇಳಬೇಕು ಎನ್ನುತ್ತೇನೆ.

ಅಂದು ಬೊಜ್ಜದ ಊಟ ಮುಗಿದ ಮೇಲೆ ಗೇಟಿನವರೆಗೆ ಕುಶಲಕ್ಕ ನನ್ನನ್ನು ಬಿಡಲು ಬಂದರು. ನನಗೆ ಅಳು ಬರುತ್ತಿತ್ತು, ಅಳು ಬಂದಾಗ ನಾನು ಜಗಳಕ್ಕೆ ನಿಲ್ಲುವವಳು. “ಯಾಕೆ ತಿಂದದ್ದು? ಬೇಡ ಅಂತ ಎಲೆ ಬಿಟ್ಟು ಏಳ್ಲಿಕ್ಕೆ ಆಗ್ತಿರ್ಲಿಲ್ವಾ?” ಎಂದು ಕೇಳಿದೆ.

ಅವರು ಜಾರುತ್ತಿದ್ದ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು.

“ಅವತ್ತು ಅಣ್ಣ ಬಿಸಿ ಇತ್ತಾ ಅಂತ ಕೇಳಿದ್ರಲ್ಲ, ಇತ್ತು ಅಂತ ಸುಳ್ಳು ಹೇಳಿದ್ದೆ” ಎಂದರು. “ಇವತ್ತು ಬಿಸಿ ಇತ್ತು, ಎಲೇನ್ ಬಾಯಿ.”